ಶುಗರ್ ಇದ್ದವರಿಗೆ ಶಾಕ್‌ವೇವ್ ಥೆರಪಿ: ಮೆಡಿಕಲ್ ಅಂಗಡ್ಯಾಗ ದನಿ ಇಳಿಸಿ ಕೇಳೋ ಪ್ರಶ್ನೆಗಳು

ಬಾಗಲಕೋಟಿಯೊಳಗ ಮೆಡಿಕಲ್ ಅಂಗಡಿ ನಡಸಾಂವ ನಾನು. ಶುಗರ್ ಗುಳಿಗಿ ಒಯ್ಯಾಕ ಬಂದ ಗಂಡಸರು ಬಿಲ್ ಆದ ಮ್ಯಾಲೂ ಕೌಂಟರ್ ಬಿಟ್ಟು ಹೋಗಂಗಿಲ್ಲ, ಬಾಜೂಕಿನ ಗಿರಾಕಿ ಹೋಗೂತನ ಮೊಬೈಲ್ ತಿಕ್ಕೋತ ನಿಂದರ್ತಾರ, ಆಮ್ಯಾಲೆ ಶಿಶ್ನ ಗಟ್ಟಿ ಆಗದ ತೊಂದ್ರೆ (ನಿಮಿರು ದೌರ್ಬಲ್ಯ) ಬಗ್ಗೆ ಕೇಳ್ತಾರ. ಮೊದಲೆಲ್ಲಾ "ಆ ಗುಳಿಗಿ ಐತೇನ್ರಿ" ಅಂತಿದ್ರು, ಈಗ ಮೊಬೈಲ್‌ನಾಗ ಜಾಹೀರಾತು ನೋಡಿ "ಶಾಕ್‌ವೇವ್ ಮಾಡಸಲೇನ್ರಿ" ಅಂತಾರ. ನಾ ಡಾಕ್ಟರ್ ಅಲ್ಲ, ಚೀಟಿ ಬರಿಯಾಂವ ಅಲ್ಲ. ಆದ್ರ ಎಲ್ಲಾರೂ ಅವೇ ಪ್ರಶ್ನೆ ಕೇಳ್ತಾರಂದ ಮ್ಯಾಲ ಒಂದ ಕಡೆ ಬರದಿಡೋದು ಛಲೋ ಅನಿಸ್ತು.

ಶುಗರ್‌ಗೂ ಇದಕ್ಕೂ ಏನ್ ಸಂಬಂಧ್ರಿ? ನನಗ ವಯಸ್ಸ ಆತು ಅಂತ ಸುಮ್ಮನಿದ್ದೆ.

ವಯಸ್ಸೂ ಒಂದ ಕಾರಣ, ಅದನ್ನ ಇಲ್ಲ ಅನ್ನಾಕ ಆಗಂಗಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಾಗ 40ರಿಂದ 70 ವಯಸ್ಸಿನ ಗಂಡಸರನ್ನ ನೋಡಿ 1994ರಾಗ ಪ್ರಕಟ ಮಾಡಿದ ಅಧ್ಯಯನದಾಗ 52% ಮಂದಿಗೆ ಸಣ್ಣದೋ ದೊಡ್ಡದೋ ಈ ತೊಂದ್ರೆ ಇತ್ತು. ಆದ್ರ ಶುಗರ್ ಇದ್ದವರಿಗೆ ಇದು ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು, ಮತ್ತ 10-15 ವರ್ಷ ಮೊದಲೇ ಬರ್ತೈತಿ.

ಗಟ್ಟಿ ಆಗೋದು ಅಂದ್ರ ರಕ್ತ ಒಳಗ ಹರದು ಬಂದು ಅಲ್ಲೇ ನಿಂದರೋದು, ಅಷ್ಟ. ಅದಕ್ಕ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಅನ್ನೋದನ್ನ ಬಿಡಬೇಕು, ಆವಾಗ ನಾಳ ಅಗಲ ಆಗ್ತೈತಿ. ವರ್ಷಗಟ್ಟಲೆ ಸಕ್ರಿ ಹೆಚ್ಚಿದ್ರ ಆ ಪದರ ಹಾಳಾಗ್ತೈತಿ, ಜೋಡಿಗೆ ಸುದ್ದಿ ಮುಟ್ಟಿಸೋ ನರಾನೂ ಸಾಯ್ತಾವ, ಒಳಗಿನ ಮೆತ್ತನ ಸ್ನಾಯು ಬಿರುಸಾಗಿ ನಾರ್ ಆಗ್ತೈತಿ, ಭಾಳ ಮಂದಿಗೆ ಟೆಸ್ಟೋಸ್ಟೆರಾನ್ ಸಹ ಇಳದಿರ್ತೈತಿ, ಮ್ಯಾಲ ಬಿಪಿ ಗುಳಿಗಿಯೊಳಗ ಕೆಲವು ಅಟೆನೋಲಾಲ್‌ನಂಥವು, ನೀರ ಹೋಗೋ ಗುಳಿಗಿ, ಇವೂ ತಮ್ಮ ಪಾಲಿನ ತ್ರಾಸ ಕೊಡ್ತಾವ. ಅಂದ್ರ ಕಾರಣ ಒಂದಲ್ಲ, ಐದಾರು ಕೂಡಿ ಬಂದಿರ್ತಾವ. ಇದನ್ನ ನೆನಪಿಟಗೊಂಡು ಮುಂದ ಓದ್ರಿ, ಯಾಕಂದ್ರ ಶಾಕ್‌ವೇವ್ ಇದರಾಗ ಬರೇ ರಕ್ತನಾಳದ ಭಾಗಕ್ಕ ಕೈ ಹಾಕ್ತೈತಿ.

ಶಾಕ್ ಅಂದ್ರ ಕರೆಂಟ್ ಹಿಡಸ್ತಾರೇನ್ರಿ?

ಇಲ್ಲರೀ ಇಲ್ಲ. ಕರೆಂಟ್ ಅಲ್ಲ, ಸಪ್ಪಳದ ಅಲೆ, ಒತ್ತಡದ ಅಲೆ. ಕಿಡ್ನಿ ಸ್ಟೋನ್ ಒಡಿಯಾಕ ಹೊರಗಿಂದನ ಹೊಡಿತಾರಲ್ಲ, ಜರ್ಮನಿಯ ಮ್ಯೂನಿಕ್‌ನಾಗ 1980ರಾಗ ಶುರು ಆದದ್ದು, ಅದರ ಮನಿತನದ್ದ ಇದು. ಆದ್ರ ಶಕ್ತಿ ಅದರ ಹತ್ತನೇ ಒಂದು ಪಾಲಿನ ಆಸುಪಾಸು, ಒಡಿಯೋ ಉದ್ದೇಶ ಅಲ್ಲ. ಇಸ್ರೇಲ್‌ನ ಹೈಫಾ ಊರಿನ ಡಾಕ್ಟರ್‌ಗಳು 2010ರಾಗ ಈ ತೊಂದ್ರೆಗೆ ಇದನ್ನ ಮೊದಲು ಬಳಸಿ ಬರದ್ರು. ಸಣ್ಣ ಪೆಟ್ಟು ಬಿದ್ದಲ್ಲಿ ದೇಹ ಹೊಸ ಸಣ್ಣ ರಕ್ತನಾಳ ಬೆಳಸ್ತೈತಿ, ನೈಟ್ರಿಕ್ ಆಕ್ಸೈಡ್ ಹೆಚ್ಚು ಬಿಡ್ತೈತಿ ಅನ್ನೋದು ಇದರ ಹಿಂದಿನ ವಿಚಾರ. ಶುಗರ್ ಬರಿಸಿದ ಇಲಿಗಳ ಮ್ಯಾಲ ಅದು ಕಂಡೂ ಬಂದೈತಿ. ಇಲಿ ಬ್ಯಾರೆ, ಇಪ್ಪತ್ತು ವರ್ಷ ಶುಗರ್ ಹೊತ್ತ ಮನಷ್ಯಾ ಬ್ಯಾರೆ, ಅದನ್ನ ಜಾಹೀರಾತಿನವ್ರು ಹೇಳಂಗಿಲ್ಲ.

ಹೆಂಗ ಮಾಡ್ತಾರ? ಅಡ್ಮಿಟ್ ಆಗಬೇಕೇನು? ನೋವ ಆಗ್ತೈತೇನು?

ಅಡ್ಮಿಟ್ ಇಲ್ಲ, ಅರವಳಿಕೆ ಇಲ್ಲ. ಮಲಗಿಸಿ ಸ್ಕ್ಯಾನಿಂಗ್‌ಗೆ ಹಚ್ಚೋ ಅಂಥಾ ತಣ್ಣನ ಜೆಲ್ ಹಚ್ಚಿ, ಹಿಡಿಕೆ ಇಟ್ಟು ಟಕ್ ಟಕ್ ಅಂತ ಹೊಡಿತಾರ. ಹೈಫಾದ ಪದ್ಧತಿ ಪ್ರಕಾರ ಒಂದು ಸಲಕ್ಕ 1500 ಹೊಡತ, ಐದು ಜಾಗಾಕ್ಕ 300ರಂಗ, ಮೂರು ಮ್ಯಾಲ, ಎರಡು ಬುಡದ ಕಡೆ. ವಾರಕ್ಕ ಎರಡು ಸಲ ಮೂರು ವಾರ, ಮೂರು ವಾರ ಬಿಡುವು, ಮತ್ತ ಮೂರು ವಾರ. ಈಗ ಒಬ್ಬೊಬ್ರು ಒಂದೊಂದು ನಮೂನಿ ಮಾಡ್ತಾರ, 6 ಸಲದಿಂದ 12 ಸಲದತನ. ಹದಿನೈದಿಪ್ಪತ್ತು ಮಿನಿಟ್‌ನಾಗ ಮುಗಿತೈತಿ, ಬೈಕ್ ಹತ್ತಿ ಮನಿಗೆ ಬರಬಹುದು. ನೋವ ಅನ್ನೂವಂಥದ್ದು ಇಲ್ಲ, ಚುಮುಚುಮು ಅಂತೈತಿ, ಎಲ್ಲೋ ಒಬ್ಬರಿಗೆ ಸ್ವಲ್ಪ ಕಂದು ಕಟ್ಟತೈತಿ. ದೊಡ್ಡ ಅಡ್ಡ ಪರಿಣಾಮ ಕಡಿಮಿ, ಇದೊಂದ ಮಾತು ಜಾಹೀರಾತಿನ್ಯಾಗ ಖರೆ.

ಅದೆಲ್ಲಾ ಬಿಡ್ರಿ, ಕೆಲಸ ಮಾಡ್ತೈತೋ ಇಲ್ಲೋ?

ಕೆಲವರಿಗೆ ಸ್ವಲ್ಪ ಮಾಡ್ತೈತಿ, ಶುಗರ್ ಇದ್ದವರಿಗೆ ಅದಕ್ಕೂ ಕಡಿಮಿ, ಮತ್ತ ಭಾಳ ದಿನ ಉಳಿಯಂಗಿಲ್ಲ.

ಈಗ ಬಿಡಿಸಿ ಹೇಳ್ತೀನಿ. ಡಾಕ್ಟರ್‌ಗಳು ಐಐಇಎಫ್ ಅನ್ನೋ ಪ್ರಶ್ನಾವಳಿ ಕೊಟ್ಟು ಅಂಕ ಹಾಕ್ತಾರ. ಬ್ಯಾರೆ ಬ್ಯಾರೆ ಅಧ್ಯಯನ ಕೂಡಿಸಿ 2017ರಾಗ ನೋಡಿದಾಗ, ಸುಳ್ಳ ಮಷಿನ್ (ಹೋಲಿಸಿ ನೋಡಾಕ, ಅಲೆ ಬಿಡದಂಗ ಮಾಡಿದ್ದು) ಹಿಡದವರಿಗಿಂತ ಖರೆ ಮಷಿನ್ ಹಿಡದವರಿಗೆ ಸುಮಾರು 4 ಅಂಕ ಹೆಚ್ಚು ಬಂದಿತ್ತು. ಕೇಳಾಕ ಛಲೋ ಐತಿ. ಆದ್ರ ಸಾಧಾರಣ ತೊಂದ್ರೆ ಇದ್ದಾವಗ 5 ಅಂಕ, ಜೋರ ತೊಂದ್ರೆ ಇದ್ದಾವಗ 7 ಅಂಕ ಏರಿದ್ರನ ಹಾಸಿಗ್ಯಾಗ ಫರಕ್ ಗೊತ್ತಾಗೋದು, ಸಣ್ಣ ತೊಂದ್ರೆ ಇದ್ದಾವಗ 2 ಸಾಕು. ಅದ ವರ್ಷ ಡೆನ್ಮಾರ್ಕ್‌ನವ್ರು 126 ಮಂದಿ ಮ್ಯಾಲ ಮಾಡಿದ ಪರೀಕ್ಷಾದಾಗ ಖರೆ ಮಷಿನ್‌ಗೂ ಸುಳ್ಳ ಮಷಿನ್‌ಗೂ ಹೇಳಿಕೊಳ್ಳೂವಂಥ ವ್ಯತ್ಯಾಸನ ಬರಲಿಲ್ಲ.

ನಮ್ಮಂದಿ ನೋಡಬೇಕಾದ್ದು ಇನ್ನೊಂದು ಐತಿ. ಹೈಫಾದ ಆ ಚಿಕಿತ್ಸೆ ಶುರು ಮಾಡಿದ ಡಾಕ್ಟರ್‌ಗಳ ಗುಂಪೇ ತಮ್ಮ 156 ಪೇಷಂಟ್‌ಗಳನ್ನ ಎರಡು ವರ್ಷ ಹಿಂಬಾಲಿಸಿ 2018ರಾಗ ಬರದೈತಿ. ಒಂದು ತಿಂಗಳಿಗೆ 63% ಮಂದಿಗೆ ಗುಣ ಕಂಡಿತ್ತು, ಅವರೊಳಗ ಎರಡು ವರ್ಷದ ಮ್ಯಾಲ ಗುಣ ಉಳಿದದ್ದು 53% ಮಂದಿಗೆ. ಶುಗರ್ ಇಲ್ಲದ, ಸಣ್ಣ ತೊಂದ್ರೆ ಇದ್ದವರಿಗೆ ಉಳಿಯೋ ಅವಕಾಶ 76%. ಶುಗರೂ ಇತ್ತು ತೊಂದ್ರೆನೂ ಜೋರಿತ್ತು ಅನ್ನೂವಂಥವರೊಳಗ ಎಲ್ಲಾರಿಗೂ ಗುಣ ಹೋಗಿಬಿಟ್ಟಿತ್ತು. ಮಷಿನ್ ಮಾರೋ ಕಂಪನಿ ಮಾತಲ್ಲ ಇದು, ವಿರೋಧಿಗಳ ಮಾತೂ ಅಲ್ಲ, ಅದನ್ನ ಶುರು ಮಾಡಿದವರ ಲೆಕ್ಕಾನ ಇದು.

ಹಂಗಾರ ಸರ್ಕಾರ, ದೊಡ್ಡ ಡಾಕ್ಟರ್‌ಗಳ ಸಂಘ ಏನಂತಾರ?

ಅಮೆರಿಕದ ಎಫ್‌ಡಿಎ (ಔಷಧ, ಮಷಿನ್ ಪರೀಕ್ಷಿಸಿ ಒಪ್ಪಿಗಿ ಕೊಡೋ ಸರ್ಕಾರಿ ಸಂಸ್ಥೆ) ಈ ತೊಂದ್ರೆಗೆ ಇದನ್ನ ಒಪ್ಪಿಲ್ಲ. ಅಲ್ಲಿನ ಯುರಾಲಜಿ (ಮೂತ್ರ ಮತ್ತ ಗಂಡಸರ ಜನನಾಂಗದ ಡಾಕ್ಟರ್‌ಗಳ) ಸಂಘ 2018ರಾಗ ಇದು ಇನ್ನೂ ಪ್ರಯೋಗದ ಹಂತದ್ದು ಅಂತ ಬರಕೊಂಡೈತಿ. ಯುರೋಪಿನ ಸಂಘ ಸ್ವಲ್ಪ ಮೆತ್ತಗ, ರಕ್ತನಾಳದ ಕಾರಣಕ್ಕ ಬಂದ ಸಣ್ಣ ತೊಂದ್ರೆಗೆ ಬಳಸಬಹುದು, ಆದ್ರ ನಮ್ಮ ಶಿಫಾರಸು ಬಲವಾದದ್ದಲ್ಲ ಅಂತೈತಿ. "ಗ್ಯಾರಂಟಿ" ಅನ್ನೋ ಶಬ್ದ ಎರಡೂ ಕಡೆ ಇಲ್ಲ.

ನಮ್ಮೂರಾಗ ಹಿಮ್ಮಡಿ ನೋವಿಗೆ ಫಿಸಿಯೋ ಹತ್ರ ಶಾಕ್‌ವೇವ್ ಐತಲ್ಲ, ಅದನ್ನ ಹಿಡಸಿಕೊಂಡ್ರ ಆಗಂಗಿಲ್ಲೇನು? ಸೋವಿ ಬೀಳ್ತೈತಿ.

ಈ ಪ್ರಶ್ನಾ ಕೇಳಿದಾವ ಶಾಣ್ಯಾ, ಆದ್ರ ಉತ್ತರ ಆಗಂಗಿಲ್ಲ ಅಂತ. ಮಷಿನ್‌ನಾಗ ಎರಡು ಜಾತಿ. ಒಂದು ಫೋಕಸ್ಡ್, ಅಲೆ ಒಳಗ ಹೋಗಿ ಒಂದ ಜಾಗಾದಾಗ ಕೂಡ್ತೈತಿ. ಇನ್ನೊಂದು ರೇಡಿಯಲ್, ಗಾಳಿ ಒತ್ತಡದಿಂದ ಸಣ್ಣ ಗುಂಡು ಬಡದು ಅಲೆ ಎಬ್ಬಿಸ್ತೈತಿ, ಅದರ ಜೋರು ಚರ್ಮದ ಮ್ಯಾಲೇ ಹೆಚ್ಚು, ಒಳಗ ಹೋದಂಗ ಹರಡಿ ಕಡಿಮಿ ಆಗ್ತೈತಿ. ಹಿಮ್ಮಡಿ, ಭುಜ, ಮೊಣಕೈ ನೋವಿಗೆ ಇರೋದರಾಗ ಭಾಳಷ್ಟು ರೇಡಿಯಲ್. ಮ್ಯಾಲ ಹೇಳಿದ ಹೈಫಾದ ಅಧ್ಯಯನ ಫೋಕಸ್ಡ್ ಮ್ಯಾಲ ಆದದ್ದು. ಕೆಲವು ಕ್ಲಿನಿಕ್‌ನವ್ರು ರೇಡಿಯಲ್ ಇಟಗೊಂಡು ಫೋಕಸ್ಡ್‌ನ ಅಂಕಿ ತೋರಸ್ತಾರ. ಹಂಗಾಗಿ ಹೋದಲ್ಲಿ ಮೊದಲ ಪ್ರಶ್ನೆ "ನಿಮ್ಮದು ಯಾವ ಮಷಿನ್" ಅಂತ ಇರಲಿ, ಮೊಬೈಲ್‌ನಾಗ ಅದರ ಹೆಸರಿನ ಪಟ್ಟಿ ಫೋಟೋ ಹೊಡಕೊಂಡು ಬರ್ರಿ.

ಯಾರಂತೂ ಮಾಡಸಬಾರದು?

ರಕ್ತ ತೆಳು ಮಾಡೋ ಗುಳಿಗಿ ಜೋರಾಗಿ ನಡದವರು, ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದವರು, ಆ ಜಾಗಾದಾಗ ಕ್ಯಾನ್ಸರ್ ಅಥವಾ ಸೋಂಕು ಇದ್ದವರು. ಪೇಸ್‌ಮೇಕರ್ ಇದ್ದವರು ಹಾರ್ಟ್ ಡಾಕ್ಟರ್‌ನ ಕೇಳದ ಬಾಗಲಾ ದಾಟಬಾರದು. ಸೋಂಕಿನ ಮಾತು ಬಂತಂತ ಹೇಳ್ತೀನಿ: ಶುಗರ್ ಹೆಚ್ಚಿದ್ದಾಗ ಮುಂದಿನ ಚರ್ಮ ಒಡದು, ಉರಿ ಬಂದು, ಹಿಂದ ಸರಿಯದಂಗ ಆಗ್ತೈತಿ, ಡಾಪಾಗ್ಲಿಫ್ಲೋಜಿನ್ ಥರದ ಶುಗರ್ ಗುಳಿಗಿ ತಗೊಳ್ಳವರಿಗೆ ಈ ಫಂಗಸ್ ಸೋಂಕು ಇನ್ನೂ ಹೆಚ್ಚು. ನೋವಿಗೆ ಅಂಜಿ ದೂರ ಇರ್ತಾರ, "ನರ ವೀಕ್ ಆಗ್ಯಾವ" ಅಂತ ತಾವ ನಿರ್ಧಾರ ಮಾಡ್ತಾರ. ಅಂಥವರಿಗೆ ಬೇಕಾದ್ದು ಮಲಾಮು ಮತ್ತ ಶುಗರ್ ಕಂಟ್ರೋಲು.

ಗುಳಿಗಿ ತಗೊಂಡು ನೋಡೇನ್ರಿ, ಏನೂ ಆಗಲಿಲ್ಲ. ಅದಕ್ಕ ಶಾಕ್‌ವೇವ್ ಅಂತೀನಿ.

ಇದಕ್ಕ ಮಾತ್ರ ನಾ ಸ್ಟೂಲ್ ಎಳಕೊಂಡು ಕುಂತು ಉತ್ತರ ಕೊಡ್ತೀನಿ. ಹೆಂಗ ತಗೊಂಡ್ರಿ ಅಂತ ಕೇಳಿದ್ರ ಬರೋ ಉತ್ತರ ಹಿಂಗಿರ್ತೈತಿ: ಗೆಳೆಯಾ ಕೊಟ್ಟ 25 ಮಿಲಿಗ್ರಾಂನ ಸಿಲ್ಡೆನಾಫಿಲ್ (ವಯಾಗ್ರಾದಾಗ ಇರೋ ಔಷಧ), ಅದೂ ಅರ್ಧಾ ಮುರದು, ರಾತ್ರಿ ಢಾಬಾದಾಗ ಮಟನ್ ಊಟ ಹೊಡದು, ಎರಡು ಪೆಗ್ ಹಾಕಿ, ಗುಳಿಗಿ ನುಂಗಿ ಹತ್ತ ಮಿನಿಟ್ ಛತ್ ನೋಡಿದೆ, ಏನೂ ಆಗಲಿಲ್ಲ, ಬಿಟ್ಟೆ.

ಆ ಗುಳಿಗಿ ಖಾಲಿ ಹೊಟ್ಟ್ಯಾಗ ಅಥವಾ ಹಗುರ ಊಟದ ಮ್ಯಾಲ, ಒಂದು ತಾಸು ಮೊದಲ ತಗೋಬೇಕು, ಎಣ್ಣಿ ಕೊಬ್ಬಿನ ಊಟ ಆದ್ರ ಅದು ರಕ್ತಕ್ಕ ಸೇರೋದು ತಡ ಆಗ್ತೈತಿ. ತಾನಾಗಿ ಎಬ್ಬಿಸೋ ಗುಳಿಗಿ ಅಲ್ಲ ಅದು, ಮನಸ್ಸಿಗೆ ಆಸೆ ಬರಬೇಕು, ಮುಟ್ಟಬೇಕು, ಆವಾಗ ಅದು ಸಾಥ್ ಕೊಡ್ತೈತಿ. ಸಾಮಾನ್ಯವಾಗಿ ಡಾಕ್ಟರ್ 50ರಿಂದ ಶುರು ಮಾಡಿ ಬೇಕಾದ್ರ 100ಕ್ಕ ಏರಸ್ತಾರ. ಅದ ಜಾತಿಯ ಟಡಾಲಾಫಿಲ್ ಅನ್ನೋ ಗುಳಿಗಿ ಆದ್ರ ಊಟದ ಗೊಡವಿ ಇಲ್ಲ, ಅದರ ಪ್ರಭಾವ 36 ತಾಸಿನತನ ಇರ್ತೈತಿ, ದಿನಾ 5 ಮಿಲಿಗ್ರಾಂ ತಗೊಳ್ಳೋ ಪದ್ಧತಿನೂ ಐತಿ. ಬ್ಯಾರೆ ಬ್ಯಾರೆ ದಿನ ಕಡಿಮಿ ಅಂದ್ರ ನಾಲ್ಕಾರು ಸಲ ಸರಿಯಾಗಿ ಪ್ರಯತ್ನ ಮಾಡಿದ ಮ್ಯಾಲನ ಗುಳಿಗಿ ಫೇಲ್ ಅನ್ನಬೇಕು. ಶುಗರ್ ಇದ್ದವರಿಗೆ ಇದು ಉಳಿದವರಷ್ಟು ಕೆಲಸ ಮಾಡಂಗಿಲ್ಲ ಖರೆ, ಆದ್ರೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮಾಡ್ತೈತಿ. ಟೆಸ್ಟೋಸ್ಟೆರಾನ್ ಕಡಿಮಿ ಇದ್ರ ಅದನ್ನ ಸರಿ ಮಾಡಿದ ಮ್ಯಾಲ ಕೆಲವರಿಗೆ ಅದ ಗುಳಿಗಿ ಹತ್ತತೈತಿ. ಆ ರಕ್ತಪರೀಕ್ಷಾ ಮುಂಜಾನೆನ ಮಾಡಸಬೇಕು, ಮಧ್ಯಾಹ್ನದ ರಿಪೋರ್ಟ್ ಮ್ಯಾಲ ನಂಬಿಕಿ ಇಡಬ್ಯಾಡ್ರಿ.

ಇಷ್ಟೆಲ್ಲಾ ಮಾಡದ ಸಾವಿರಗಟ್ಟಲೆ ರೊಕ್ಕ ಮಷಿನ್‌ಗೆ ಹಾಕೋದು ನನಗಂತೂ ಸರಿ ಕಾಣಂಗಿಲ್ಲ. ಮಾಡಬೇಕಾದ ಕ್ರಮನ ತಲೆಕೆಳಗಾಗೇತಿ, ಯಾಕಂದ್ರ ಗುಳಿಗಿ ಸರಿ ತಗೋರಿ ಅಂತ ಯಾರೂ ಜಾಹೀರಾತು ಕೊಡಂಗಿಲ್ಲ.

ಆ ಗುಳಿಗಿ ತಗೊಂಡ್ರ ಹಾರ್ಟ್ ನಿಂದರ್ತೈತಂತ?

ಎಲ್ಲಾರಿಗೂ ಅಲ್ಲ. ಆದ್ರ ಎದಿ ನೋವಿಗೆ ನಾಲಿಗಿ ಕೆಳಗ ಸಾರ್ಬಿಟ್ರೇಟ್ ಇಟಗೊಳ್ಳವರು, ನೈಟ್ರೇಟ್ ಜಾತಿಯ ಯಾವುದರ ಗುಳಿಗಿ ದಿನಾ ತಗೊಳ್ಳವರು ಇದನ್ನ ಮುಟ್ಟಬಾರದು. ಎರಡೂ ಕೂಡಿದ್ರ ಬಿಪಿ ದಡ್ ಅಂತ ಬಿದ್ದು ಜೀವಕ್ಕ ಬರ್ತೈತಿ. ಸಿಲ್ಡೆನಾಫಿಲ್ ತಗೊಂಡಾಗ ಎದಿ ನೋವ ಬಂದ್ರ 24 ತಾಸು, ಟಡಾಲಾಫಿಲ್ ಆದ್ರ 48 ತಾಸು ನೈಟ್ರೇಟ್ ಕೊಡಾಕ ಬರಂಗಿಲ್ಲ, ಅದಕ್ಕ ಎಮರ್ಜೆನ್ಸಿಯೊಳಗ ಡಾಕ್ಟರ್ ಕೇಳಿದ್ರ ನಾಚಿಕಿ ಬಿಟ್ಟು ಹೇಳ್ರಿ. ಮೂತ್ರದ ತೊಂದ್ರೆಗೆ ಟಾಮ್ಸುಲೋಸಿನ್ ನಡದಿದ್ರೂ ಡಾಕ್ಟರ್‌ಗೆ ತಿಳಿಸಬೇಕು. ಚೀಟಿ ಇಲ್ಲದ ಕೊಡ್ರಿ ಅಂತ ಜಗಳಾಡವರಿಗೆ ನಾ ಕೊಡದ ಇರಾಕ ಕಾರಣ ಇದ.

ಹಾರ್ಟ್ ವಿಚಾರ ಇನ್ನೊಂದು ಐತಿ, ಅದು ಗುಳಿಗಿಗಿಂತ ದೊಡ್ಡದು. ಆ ಜಾಗಾದ ರಕ್ತನಾಳ 1-2 ಮಿಲಿಮೀಟರ್ ದಪ್ಪ, ಹಾರ್ಟ್‌ದು 3-4. ಹೊಲದಾಗ ಡ್ರಿಪ್ ಹಾಕಿದವರಿಗೆ ಗೊತ್ತು, ಕಸ ಕಟ್ಟಿದ್ರ ಮೊದಲು ಸಣ್ಣ ಪೈಪ್ ಬಂದ್ ಆಗ್ತೈತಿ, ಮೇನ್ ಲೈನ್ ಆಮ್ಯಾಲೆ. ಈ ತೊಂದ್ರೆ ಶುರು ಆದ ಎರಡರಿಂದ ಐದು ವರ್ಷದಾಗ ಹಾರ್ಟ್ ತೊಂದ್ರೆ ಕಾಣಿಸಿಕೊಂಡವರು ಭಾಳ ಮಂದಿ. ಅದಕ್ಕ ಇಸಿಜಿ, ಕೊಲೆಸ್ಟ್ರಾಲ್, ಬಿಪಿ ನೋಡದ ನೇರ ಮಷಿನ್ ಕೆಳಗ ಮಲಗಸೋ ಕ್ಲಿನಿಕ್ ನನಗ ಸೇರಂಗಿಲ್ಲ.

ಶುಗರ್ ಕಂಟ್ರೋಲ್ ಮಾಡಿದ್ರ ತಾನಾ ಸರಿ ಹೋಗ್ತೈತೇನು?

ಪೂರಾ ಸರಿ ಹೋಗ್ತೈತಿ ಅಂತ ಮಾತ ಕೊಡಾಕ ಬರಂಗಿಲ್ಲ, ಸತ್ತ ನರ ಎದ್ದು ಬರೋದು ಕಷ್ಟ. ಆದ್ರ ಇದ್ದದ್ದು ಉಳಿತೈತಿ, ಗುಳಿಗಿ ಹತ್ತಾಕ ಶುರು ಆಗ್ತೈತಿ. ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷಾ ಸುಮಾರು ಮೂರು ತಿಂಗಳ ಶುಗರ್ ಸರಾಸರಿ ಹೇಳ್ತೈತಿ, ಅದನ್ನ 7ರ ಕೆಳಗ ಇಡಾಕ ಸಾಮಾನ್ಯವಾಗಿ ಡಾಕ್ಟರ್ ಹೇಳ್ತಾರ. ಟೆಸ್ಟಿನ ಹಿಂದಿನ ದಿನ ಅಷ್ಟ ಉಪವಾಸ ಮಾಡಿ ಮೋಸ ಮಾಡಾಕ ಅದರಾಗ ಬರಂಗಿಲ್ಲ. ಇಟಲಿಯೊಳಗ ಶುಗರ್ ಇಲ್ಲದ 110 ದಪ್ಪ ಗಂಡಸರ ಮ್ಯಾಲ ಮಾಡಿ 2004ರಾಗ ಪ್ರಕಟಿಸಿದ ಅಧ್ಯಯನದಾಗ, ತೂಕ ಇಳಿಸಿ ನಡದಾಡಿದವರೊಳಗ ಸುಮಾರು ಮೂರನೇ ಒಂದು ಪಾಲು ಮಂದಿಗೆ ಮಷಿನ್ ಇಲ್ಲದನ ಸರಿ ಆಗಿತ್ತು.

ನಮ್ಮ ಕಡೆ ಜೋಳದ ರೊಟ್ಟಿ ಛಲೋ ಅಂತ ಐದಾರು ಹೊಡಿತಾರ, ದಿನಕ್ಕ ಏಳೆಂಟು ಕಪ್ ಸಕ್ರಿ ಚಾ, ಸಂಜಿಗೆ ಮಿರ್ಚಿ ಭಜಿ, ಬೆಳಗಾವಿಗೆ ಹೋಗಿ ಬಂದ್ರ ಕುಂದಾ, ಅಮೀನಗಡ ದಾಟಿದ್ರ ಕರದಂಟು. ಅದಕ್ಕಿಂತ ಕೆಟ್ಟದ್ದು ಗುಟ್ಕಾ, ಸಿಗರೇಟು. ತಂಬಾಕು ರಕ್ತನಾಳವನ್ನ ಬಿಗಿ ಹಿಡಿತೈತಿ. ಬಾಯಾಗ ಗುಟ್ಕಾ ಇಟಗೊಂಡು ಹೊಸ ರಕ್ತನಾಳ ಬೆಳಿಸೋ ಮಷಿನ್ ರೇಟ್ ಕೇಳವರನ್ನ ನೋಡಿದ್ರ ನಗಬೇಕೋ ಅಳಬೇಕೋ ತಿಳಿಯಂಗಿಲ್ಲ.

ಬಸ್ ಸ್ಟ್ಯಾಂಡ್ ಗ್ವಾಡಿ ಮ್ಯಾಲ "ಗುಪ್ತರೋಗ, ನರ ದೌರ್ಬಲ್ಯ, ಏಳು ದಿನದಾಗ ಗುಣ" ಅಂತ ಬರದಿರ್ತಾರಲ್ಲ?

ಅಂಥಾ ಜಾಹೀರಾತನ್ನ ನಮ್ಮ ದೇಶದಾಗ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನಿಷೇಧ ಮಾಡೇತಿ, ಅದರ ಪಟ್ಟಿಯೊಳಗ ಡಯಾಬಿಟಿಸೂ ಐತಿ, ಲೈಂಗಿಕ ದುರ್ಬಲತೆನೂ ಐತಿ. ಕಾಯ್ದೆ ಐತಿ, ಗ್ವಾಡಿನೂ ಐತಿ. ಪುಡಿ ತಗೊಂಡು "ಅರ್ಧ ತಾಸಿನ್ಯಾಗ ಕೆಲಸ ಮಾಡ್ತು" ಅನ್ನವರಿಗೆ ಒಂದು ಮಾತು: ಗಿಡಮೂಲಿಕೆ ಅಂತ ಮಾರಿದ ಇಂಥಾ ಎಷ್ಟೋ ಸಾಮಾನಿನ್ಯಾಗ ಸಿಲ್ಡೆನಾಫಿಲ್ ಕದ್ದು ಕಲಸಿದ್ದನ್ನ ಅಮೆರಿಕದ ಎಫ್‌ಡಿಎ ಮತ್ತ ಮತ್ತ ಹಿಡದೈತಿ. ಸಾರ್ಬಿಟ್ರೇಟ್ ತಗೊಳ್ಳಾಂವ ಆ ಪುಡಿ ತಿಂದ್ರ ಏನಾಗಬಹುದು, ಮ್ಯಾಲ ಹೇಳೇನಿ.

ಕ್ಲಿನಿಕ್‌ನವ್ರು ಪ್ಯಾಕೇಜ್ ಅಂತಾರ, ಪೂರಾ ರೊಕ್ಕ ಮೊದಲ ಕಟ್ಟರಿ ಅಂತಾರ. ಕಟ್ಟಲೇನು?

ಕಟ್ಟೂಕಿಂತ ಮೊದಲ ಕೇಳ್ರಿ: ನೋಡವ್ರು ಯುರಾಲಜಿಸ್ಟ್ ಹೌದೋ ಅಲ್ಲೋ, ಮಷಿನ್ ಫೋಕಸ್ಡೋ ರೇಡಿಯಲ್ಲೋ, ಎಷ್ಟು ಸಲ, ನಡುವ ಬಿಟ್ರ ಉಳಿದ ರೊಕ್ಕ ವಾಪಸ್ ಕೊಡ್ತೀರೇನು, ಮೊದಲು ಮತ್ತ ಆಮ್ಯಾಲೆ ಐಐಇಎಫ್ ಅಂಕ ಬರದು ಕೊಡ್ತೀರೇನು. ಕರ್ನಾಟಕದಾಗ ಖಾಸಗಿ ಕ್ಲಿನಿಕ್ ಎಲ್ಲಾ 2007ರ ಕೆಪಿಎಂಇ ಕಾಯ್ದೆ ಕೆಳಗ ನೋಂದಣಿ ಆಗಿರಬೇಕು, ಸರ್ಟಿಫಿಕೇಟ್ ಮತ್ತ ರೇಟ್ ಕಾಣೂವಂಗ ಹಚ್ಚಿರಬೇಕು. ಗ್ವಾಡಿ ಮ್ಯಾಲ ಅದು ಕಾಣಲಿಲ್ಲಂದ್ರ ಚಪ್ಪಲಿ ಮೆಟ್ಟಗೊಂಡು ಹೊರಗ ಬರ್ರಿ. "ಇವತ್ತ ಕಟ್ಟಿದ್ರ ಡಿಸ್ಕೌಂಟ್" ಅಂದ್ರೂ ಅದನ್ನ ಮಾಡ್ರಿ.

ನಾ ಹೆಣಮಗಳು, ಅಣ್ಣಾರ. ಮನಿಯವ್ರು ಮಾತ ಆಡಂಗಿಲ್ಲ, ಹತ್ರನೂ ಬರಂಗಿಲ್ಲ. ಬ್ಯಾರೆ ಏನರ ಇರಬಹುದೇನು?

ಅಕ್ಕಾರ, ಮೊದಲ ಆ ಸಂಶೇ ತಗೀರಿ. ಭಾಳ ಗಂಡಸರು ಒಂದೆರಡು ಸಲ ಆಗಲಿಲ್ಲಂದ್ರ ಮತ್ತ ಅವಮಾನ ಆದೀತಂತ ತಡ ಮಾಡಿ ಮಲಗ್ತಾರ, ಟಿವಿ ನೋಡ್ತಾರ, ಸುಮ್ಮಸುಮ್ಮನ ಸಿಟ್ಟಿಗೇಳ್ತಾರ. "ಶುಗರ್ ಚೆಕ್ ಮಾಡಸೋಣ ಬರ್ರಿ" ಅಂತ ಕರಕೊಂಡು ಹೋಗ್ರಿ, ಒಳಗ ಡಾಕ್ಟರ್ ಮುಂದ ನೀವ ಮಾತ ತಗದ್ರೂ ತಪ್ಪಿಲ್ಲ. ನಸುಕಿನ್ಯಾಗ ಎದ್ದಾಗ ಗಟ್ಟಿ ಇರ್ತೈತೋ ಇಲ್ಲೋ ಅನ್ನೋದನ್ನ ಡಾಕ್ಟರ್ ಕೇಳ್ತಾರ, ಇರ್ತಿದ್ರ ಮನಸ್ಸಿನ ಕಾರಣ ಹೆಚ್ಚಿರಬಹುದು, ಅದಕ್ಕ ಮಷಿನ್ ಏನೂ ಮಾಡಂಗಿಲ್ಲ, ಕೌನ್ಸೆಲಿಂಗ್ ಬೇಕು.

ಶಾಕ್‌ವೇವೂ ಆತು, ಗುಳಿಗಿನೂ ಆತು, ಎರಡೂ ಹತ್ತಲಿಲ್ಲ. ಮುಗೀತೇನು?

ಮುಗದಿಲ್ಲ. ವ್ಯಾಕ್ಯೂಮ್ ಪಂಪ್ ಐತಿ, ನೋಡಾಕ ವಿಚಿತ್ರ ಆದ್ರೂ ಕೆಲಸ ಮಾಡ್ತೈತಿ. ಅಲ್ಲೇ ಚುಚ್ಚಿಕೊಳ್ಳೋ ಸಣ್ಣ ಸೂಜಿ ಇಂಜೆಕ್ಷನ್ ಐತಿ, ಇನ್ಸುಲಿನ್ ಚುಚ್ಚಿಕೊಂಡು ರೂಢಿ ಇದ್ದವರು ಲಗೂ ಕಲಿತಾರ, ಆದ್ರ ನಾಲ್ಕು ತಾಸಾದ್ರೂ ಇಳೀಲಿಲ್ಲಂದ್ರ ತಕ್ಷಣ ದವಾಖಾನಿಗೆ ಓಡಬೇಕು. ಕೊನೀಕ ಆಪರೇಷನ್ ಮಾಡಿ ಕೂಡಸೋ ಇಂಪ್ಲಾಂಟ್, ಬಾಗಿಸೋವು ಇದಾವ, ಪಂಪ್ ಒತ್ತಿ ಉಬ್ಬಿಸೋವು ಇದಾವ, ನಮ್ಮ ದೇಶದ ಶಾ ಇಂಪ್ಲಾಂಟೂ ಐತಿ. ಶುಗರ್ ಇದ್ದವರಿಗೆ ಸೋಂಕಿನ ಅಂಜಿಕಿ ಹೆಚ್ಚಂತ ಮೊದಲ ಶುಗರ್ ಇಳಿಸಿ ಆಮ್ಯಾಲೆ ಮಾಡ್ತಾರ.

ಕಡೀ ಪ್ರಶ್ನೆ, ಮೊದಲ ಎಲ್ಲಿಗೆ ಹೋಗಬೇಕು, ಏನೇನ ಒಯ್ಯಬೇಕು?

ಬರೇ ಶುಗರ್, ಬಿಪಿ ತಪಾಸಣೆಗೆ ತಾಲೂಕು ಸರ್ಕಾರಿ ದವಾಖಾನಿಯ ಎನ್‌ಸಿಡಿ (ಅಂಟದ ರೋಗಗಳ) ಕ್ಲಿನಿಕ್ ಸಾಕು, ಅಲ್ಲಿ ರೊಕ್ಕ ಇಲ್ಲ. ಅಲ್ಲಿಂದ ಮುಂದ ಯುರಾಲಜಿಸ್ಟ್ ಹತ್ರ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜ್ ದವಾಖಾನಿ ಇದಾವ, ಇದಕ್ಕಂತ ಪುಣೆತನ ಓಡೋ ಅವಶ್ಯಕತೆ ಮೊದಲ ಭೇಟಿಗೆ ಇಲ್ಲ. ಗುರುತಿನವ್ರು ನೋಡ್ತಾರಂತ ನಾಚಿಕಿ ಇದ್ರ ಬಾಜೂ ಜಿಲ್ಲಾಕ್ಕ ಹೋಗ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಒಯ್ಯಬೇಕಾದ್ದು: ಇತ್ತೀಚಿನ ಎಚ್‌ಬಿಎ1ಸಿ ರಿಪೋರ್ಟ್, ಇಸಿಜಿ ಇದ್ರ ಅದು, ಮತ್ತ ಈಗ ತಗೊಳ್ಳೋ ಎಲ್ಲಾ ಗುಳಿಗಿಯ ಸ್ಟ್ರಿಪ್, "ಬಿಳೀದು, ದುಂಡಂದು" ಅಂತ ಹೇಳಿದ್ರ ಯಾವ ಡಾಕ್ಟರ್‌ಗೂ ತಿಳಿಯಂಗಿಲ್ಲ. ಕದ್ದು ತಗೊಂಡ ಗುಳಿಗಿ, ಪುಡಿ ಇದ್ರ ಅದರ ಪಾಕೀಟೂ ಚೀಲದಾಗ ಹಾಕ್ಕೋರಿ.